ಮಹಿಳೆಯರ ವಿಶ್ವ ಹವ್ಯಾಸಿ ತಂಡ ಗಾಲ್ಫ್: ಮೂವರು ಆಡಿದರೂ ಇಬ್ಬರ ಸ್ಕೋರನ್ನಷ್ಟೇ ಎಣಿಸುವುದು ನ್ಯಾಯವೇ?

ಹೊನ್ನಾರು:
ಎರಡು ವರ್ಷಕ್ಕೊಮ್ಮೆ ನಡೆಯುವ ಎಸ್ಪಿರಿಟೊ ಸ್ಯಾಂಟೊ ಟ್ರೋಫಿ, ಅಂದರೆ ಮಹಿಳೆಯರ ವಿಶ್ವ ಹವ್ಯಾಸಿ ತಂಡ ಚಾಂಪಿಯನ್‌ಷಿಪ್‌ನ ನಿಯಮಗಳನ್ನು ಓದುವಾಗ ಎದ್ದ ಪ್ರಶ್ನೆಯೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಒಂದೊಂದು ದೇಶದಿಂದ ಹೆಚ್ಚೆಂದರೆ ಮೂವರು ಆಟಗಾರ್ತಿಯರು ಬರುತ್ತಾರೆ. ನಾಲ್ಕು ದಿನ, ದಿನಕ್ಕೆ 18 ಕುಳಿಗಳಂತೆ ಎಲ್ಲರೂ ಆಡುತ್ತಾರೆ. ಆದರೆ ಪ್ರತಿದಿನ ತಂಡದ ಲೆಕ್ಕಕ್ಕೆ ಸೇರುವುದು ಅತ್ಯುತ್ತಮವಾದ, ಅಂದರೆ ಅತಿ ಕಡಿಮೆ ಹೊಡೆತಗಳ, ಎರಡು ಸ್ಕೋರುಗಳು ಮಾತ್ರ. ಮೂರನೆಯವಳು ಬಿಸಿಲಿನಲ್ಲಿ ನಾಲ್ಕೈದು ಗಂಟೆ ನಡೆದು, ಪ್ರತಿ ಹೊಡೆತಕ್ಕೂ ತಲೆಕೆಡಿಸಿಕೊಂಡು ಆಡಿದ ಆಟ ಆ ದಿನದ ಮೊತ್ತದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಾನು ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವವನು. ರಿಲೇ ಓಟದಲ್ಲಿ ನಾಲ್ವರಲ್ಲಿ ನಿಧಾನವಾಗಿ ಓಡಿದವನ ಸಮಯವನ್ನು ಕೈಬಿಡುವ ಪದ್ಧತಿ ಎಲ್ಲಿಯೂ ಇಲ್ಲ. ತಂಡವೆಂದ ಮೇಲೆ ಎಲ್ಲರ ಏಳುಬೀಳೂ ಸೇರಬೇಕಲ್ಲವೇ? ಇದರ ಹಿಂದಿನ ಕಾರಣವನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಚಲ್ಲಘಟ್ಟದ ನಡಿಗೆ:
ಒಳ್ಳೆಯ ಪ್ರಶ್ನೆ ಸರ್. ಆದರೆ "ಮೂರನೆಯವಳು" ಎಂದು ಒಬ್ಬಳನ್ನೇ ಗುರುತಿಸಿ ಹೇಳುವಂತಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ನಾಲ್ಕು ದಿನಗಳಲ್ಲಿ ಒಂದು ತಂಡದಿಂದ ಒಟ್ಟು 12 ಕಾರ್ಡುಗಳು, ಅಂದರೆ ಒಬ್ಬೊಬ್ಬರ ದಿನದ ಸ್ಕೋರ್ ಪಟ್ಟಿಗಳು, ಬರುತ್ತವೆ, ಅವುಗಳಲ್ಲಿ ಎಂಟು ಲೆಕ್ಕಕ್ಕೆ ಸೇರುತ್ತವೆ. ಮೊದಲ ದಿನ ಮೂವರು 70, 72, 79 ಹೊಡೆತಗಳಲ್ಲಿ ಮುಗಿಸಿದರೆಂದು ಇಟ್ಟುಕೊಳ್ಳಿ. ತಂಡದ ಸ್ಕೋರ್ 142 ಆಗುತ್ತದೆ. ಮರುದಿನ ಅದೇ 79ರ ಹುಡುಗಿ 68 ಹೊಡೆದು, ಹಿಂದಿನ ದಿನ 70 ಹೊಡೆದವಳು 75ಕ್ಕೆ ಇಳಿದರೆ ಬಿಟ್ಟುಹೋಗುವುದು ಈ 75. ಯಾರ ಕಾರ್ಡು ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದು ಆ ದಿನದ ಕೊನೆಯ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಕುಳಿಗೆ ಬೀಳುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಹೀಗಾಗಿ ಮೂವರೂ ಕೊನೆಯವರೆಗೆ ಒಂದೇ ಗಂಭೀರತೆಯಿಂದ ಆಡಬೇಕಾಗುತ್ತದೆ.

ಬಿಟ್ಟಂಗಾಲ:
ಪುರುಷರ ವಿಶ್ವ ತಂಡ ಸ್ಪರ್ಧೆಯಾದ ಐಸೆನ್‌ಹೋವರ್ ಟ್ರೋಫಿಯಲ್ಲಿ ಮೊದಲು ನಾಲ್ವರ ತಂಡವಿತ್ತು, ಮೂವರ ಸ್ಕೋರನ್ನು ಎಣಿಸುತ್ತಿದ್ದರು. 2002ರಿಂದ ಅವರೂ ಮಹಿಳೆಯರಂತೆ ಮೂವರ ತಂಡ, ಇಬ್ಬರ ಸ್ಕೋರ್ ಎಂಬ ಕ್ರಮಕ್ಕೆ ಬಂದರು. ಮಹಿಳೆಯರ ಪದ್ಧತಿಯನ್ನೇ ಪುರುಷರೂ ಒಪ್ಪಿಕೊಂಡ ಮೇಲೆ ಅದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಹಳೆಯ ಪುಟಗಳು:
ಈ ಸ್ಪರ್ಧೆ ಹುಟ್ಟಿದ ಬಗೆಯನ್ನು ತಿಳಿದರೆ ಪದ್ಧತಿಯೂ ಸ್ವಲ್ಪ ಸ್ಪಷ್ಟವಾಗಬಹುದು. ಪುರುಷರ ವಿಶ್ವ ತಂಡ ಸ್ಪರ್ಧೆ 1958ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಆರಂಭವಾಯಿತು. ಮಹಿಳೆಯರು ಅದಕ್ಕಾಗಿ 1964ರವರೆಗೆ ಕಾಯಬೇಕಾಯಿತು. ಫ್ರಾನ್ಸಿನ ಲಾಲಿ ಸೆಗಾರ್ ಅವರಂತಹ ಆಟಗಾರ್ತಿಯರೇ ಮುಂದೆ ನಿಂತು ಇದನ್ನು ಕಟ್ಟಿದರು. ಅವರು 1950ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಚಾಂಪಿಯನ್ ಆಗಿದ್ದವರು. ಪೋರ್ಚುಗಲ್‌ನ ಎಸ್ಪಿರಿಟೊ ಸ್ಯಾಂಟೊ ಮನೆತನದವರು ಟ್ರೋಫಿಯನ್ನು ಕೊಟ್ಟಿದ್ದರಿಂದ ಆ ಹೆಸರು ಉಳಿಯಿತು.

ಮೊದಲ ಸ್ಪರ್ಧೆ ಪ್ಯಾರಿಸ್ ಬಳಿಯ ಸೇಂಟ್ ಜರ್ಮೈನ್ ಅಂಗಳದಲ್ಲಿ ನಡೆಯಿತು. ಬಲಾಢ್ಯವಾದ ಅಮೆರಿಕ ತಂಡವನ್ನು ಆತಿಥೇಯ ಫ್ರಾನ್ಸ್ ಒಂದೇ ಒಂದು ಹೊಡೆತದಿಂದ ಸೋಲಿಸಿತು. ಕ್ಲೋದೀನ್ ಕ್ರೋ, ಬ್ರಿಜಿತ್ ವಾರಂಗೊ ಮತ್ತು 19 ವರ್ಷದ ಕ್ಯಾಥರೀನ್ ಲಕೋಸ್ತ್ ಆ ತಂಡದಲ್ಲಿದ್ದರು. ಟೆನಿಸ್ ದಿಗ್ಗಜ ರೆನೆ ಲಕೋಸ್ತ್ ಅವರ ಮಗಳಾದ ಕ್ಯಾಥರೀನ್ ಮೂರು ವರ್ಷಗಳ ನಂತರ, 1967ರಲ್ಲಿ, ಹವ್ಯಾಸಿಯಾಗಿದ್ದುಕೊಂಡೇ ಅಮೆರಿಕದ ಮಹಿಳಾ ಓಪನ್ ಗೆದ್ದರು. ವೃತ್ತಿಪರರನ್ನು ಹಿಂದಿಕ್ಕಿ ಆ ಪ್ರಶಸ್ತಿಯನ್ನು ಗೆದ್ದ ಹವ್ಯಾಸಿ ಇಂದಿಗೂ ಅವರೊಬ್ಬರೇ. ಅವರ ತಾಯಿ ಸಿಮೋನ್ 1927ರಲ್ಲಿ ಬ್ರಿಟಿಷ್ ಹವ್ಯಾಸಿ ಪ್ರಶಸ್ತಿ ಗೆದ್ದಿದ್ದರು ಎಂಬುದನ್ನು ನಮ್ಮ ಪತ್ರಿಕೆಗಳು ಹೇಳುವುದೇ ಕಡಿಮೆ. ಲಕೋಸ್ತ್ ಎಂದೊಡನೆ ಎಲ್ಲರಿಗೂ ತಂದೆ ಮತ್ತು ಮೊಸಳೆ ಚಿತ್ರದ ಅಂಗಿ ನೆನಪಾಗುವುದು ಆ ಮನೆಯ ಇಬ್ಬರು ಗಾಲ್ಫ್ ಆಟಗಾರ್ತಿಯರಿಗೆ ಆಗಿರುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹೊನ್ನಾರು:
ಇತಿಹಾಸ ತಿಳಿಸಿದ್ದಕ್ಕೆ ಧನ್ಯವಾದಗಳು. ಆದರೂ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಯಾರ ಕಾರ್ಡು ಬಿಟ್ಟುಹೋಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ ಎಂಬುದು ನಿಜವೇ. ಆದರೆ ಹದಿನೈದನೆಯ ಕುಳಿಯ ಹೊತ್ತಿಗೆ ಒಬ್ಬಳು ಎಂಟು ಹೊಡೆತ ಹಿಂದೆ ಬಿದ್ದಿದ್ದರೆ, ಉಳಿದ ಮೂರು ಕುಳಿಗಳನ್ನು ಅವಳು ಯಾವ ಉದ್ದೇಶಕ್ಕಾಗಿ ಆಡಬೇಕು?

ಎರಡನೇ ಕ್ಯಾಪ್ಟನ್:
ಹೊನ್ನಾರು ಅವರೇ, ಆ ಮೂರು ಕುಳಿಗಳೇ ಕಪ್ಪನ್ನು ನಿರ್ಧರಿಸಿದ ಉದಾಹರಣೆಗಳಿವೆ. ಎರಡು ತಂಡಗಳ ಮೊತ್ತ ಸಮವಾದರೆ ಹೆಚ್ಚುವರಿ ಕುಳಿಗಳನ್ನು ಆಡಿಸುವುದಿಲ್ಲ. ಕೊನೆಯ ದಿನ ಲೆಕ್ಕಕ್ಕೆ ಸೇರದೆ ಉಳಿದ ಮೂರನೆಯ ಸ್ಕೋರನ್ನು ಹೋಲಿಸಿ, ಯಾರದು ಕಡಿಮೆಯೋ ಆ ತಂಡಕ್ಕೆ ಪ್ರಶಸ್ತಿ ಕೊಡುತ್ತಾರೆ. 2006ರಲ್ಲಿ ದಕ್ಷಿಣ ಆಫ್ರಿಕಾ ತನ್ನದೇ ನೆಲದಲ್ಲಿ ಸ್ವೀಡನ್ ಜೊತೆ ಸಮಬಲ ಸಾಧಿಸಿ ಗೆದ್ದದ್ದು ಹೀಗೆಯೇ. 2022ರಲ್ಲಿ ಫ್ರಾನ್ಸಿನಲ್ಲಿ ಅದೇ ಸ್ವೀಡನ್‌ಗೆ ಅದೇ ನಿಯಮ ಕೈಹಿಡಿಯಿತು. ಇಂಗ್ರಿಡ್ ಲಿಂಡ್‌ಬ್ಲಾಡ್, ಮೇಯಾ ಓರ್ಟೆಂಗ್ರೆನ್, ಲೂಯಿಸ್ ರುಡ್‌ಕ್ವಿಸ್ಟ್ ಅವರಿದ್ದ ಸ್ವೀಡನ್, ರೋಸ್ ಝಾಂಗ್ ಅವರಂತಹ ಆಟಗಾರ್ತಿಯಿದ್ದ ಅಮೆರಿಕದೊಂದಿಗೆ ಸಮನಾಗಿ ಮುಗಿಸಿತು. ಪಕ್ಕಕ್ಕಿಟ್ಟಿದ್ದ ಮೂರನೆಯ ಕಾರ್ಡನ್ನು ನೋಡಿದಾಗ ಟ್ರೋಫಿ ಸ್ವೀಡನ್ ಪಾಲಾಯಿತು.

ಹಾಗಾಗಿ ಎಂಟು ಹೊಡೆತ ಹಿಂದೆ ಬಿದ್ದವಳು ಆರು ಹೊಡೆತ ಹಿಂದೆ ಮುಗಿಸಿದರೂ ಅದಕ್ಕೆ ಬೆಲೆಯಿದೆ. ಕ್ಯಾಪ್ಟನ್ ಆದವರು ಹುಡುಗಿಯರಿಗೆ ಮೊದಲ ದಿನವೇ ಹೇಳಬೇಕಾದ ಮಾತಿದು.

ಜಯಲಕ್ಷ್ಮೀಪುರಂ:
ಈ ವಿವರ ನನಗೆ ತಿಳಿದಿರಲೇ ಇಲ್ಲ. ಬಹಳ ಧನ್ಯವಾದಗಳು.

ಮಗಳ ಕಿಟ್ ಹೊರುವವಳು:
ನನ್ನ ಮಗಳು ಜೂನಿಯರ್ ಸ್ಪರ್ಧೆಗಳಲ್ಲಿ ಆಡುತ್ತಾಳೆ. ಇದೇ ಪದ್ಧತಿಯಲ್ಲಿ ನಡೆದ ಸಣ್ಣ ತಂಡ ಸ್ಪರ್ಧೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಅವಳ ತಂಡದ ಇಬ್ಬರು ಆಗಲೇ ಒಳ್ಳೆಯ ಸ್ಕೋರಿನೊಂದಿಗೆ ಒಳಗೆ ಹೋಗಿದ್ದರು. ಇವಳ ಚೆಂಡು ನಡುವೆ ಒಮ್ಮೆ ನೀರಿಗೆ ಬಿದ್ದು, ಒಮ್ಮೆ ಮರಳಿನ ಬಂಕರಿನಲ್ಲಿ ಸಿಕ್ಕಿ, ಇವಳ ಕಾರ್ಡು ಲೆಕ್ಕಕ್ಕೆ ಸೇರುವ ಆಸೆಯೇ ಇರಲಿಲ್ಲ. ಹದಿನೆಂಟನೆಯ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಬೋಗಿಗಾಗಿ, ಅಂದರೆ ಕುಳಿಗೆ ನಿಗದಿಯಾದ ಹೊಡೆತಗಳಾದ ಪಾರ್‌ಗಿಂತ ಒಂದು ಹೆಚ್ಚಿಗೆ ಮುಗಿಸಲು, ನಾಲ್ಕಡಿಯ ಪಟ್ ಉಳಿದಿತ್ತು. ಅವಳು ಚೆಂಡಿನ ಹಿಂದೆ ನಾಣ್ಯವಿಟ್ಟು, ಚೆಂಡನ್ನೆತ್ತಿ ಟವೆಲಿನ ಒದ್ದೆ ತುದಿಯಿಂದ ಒರೆಸಿದಳು. ಗೆರೆಯನ್ನು ಕುಳಿಯತ್ತ ತಿರುಗಿಸಿ ಚೆಂಡನ್ನು ಮತ್ತೆ ಇಟ್ಟಳು. ಕುಳಿಯ ಆಚೆ ಬದಿಗೂ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ಇಳಿಜಾರನ್ನು ನೋಡಿ ಬಂದಳು. ಪಟ್ ಬಿತ್ತು. ಅವಳ ಕಾರ್ಡನ್ನು ಬರೆಯುತ್ತಿದ್ದ ಎದುರು ತಂಡದ ಹುಡುಗಿ ಮೋಟು ಪೆನ್ಸಿಲಿನಿಂದ ಐದು ಎಂದು ಬರೆದು, ಇಬ್ಬರೂ ಒಂದೊಂದೇ ಕುಳಿಯ ಅಂಕಿಯನ್ನು ಗಟ್ಟಿಯಾಗಿ ಓದಿ ತಾಳೆ ನೋಡಿ ಸಹಿ ಹಾಕಿದರು.

ಆ ದಿನ ಯಾವ ತಂಡದ ಸ್ಕೋರೂ ಸಮವಾಗಲಿಲ್ಲ, ಅವಳ ಕಾರ್ಡು ಯಾವ ಲೆಕ್ಕಕ್ಕೂ ಬರಲಿಲ್ಲ. ಆದರೂ ಈ ಪದ್ಧತಿ ಮಕ್ಕಳನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಕೊರಗು ಬೇರೆಯದೇ ಇದೆ. ನಾವು ಅಭ್ಯಾಸಕ್ಕೆ ಹೋಗುವ ಕ್ಲಬ್ಬಿನಲ್ಲಿ ವಾರಾಂತ್ಯದ ಬೆಳಗಿನ ಹೊತ್ತೆಲ್ಲ ಸದಸ್ಯರಿಗೆ ಮೀಸಲು. ಶಾಲೆಗೆ ಹೋಗುವ ಮಕ್ಕಳಿಗೆ ಸಿಗುವುದು ಮಧ್ಯಾಹ್ನ ಮೂರರ ನಂತರದ ಹೊತ್ತು, ಅಷ್ಟರಲ್ಲಿ ಒಂಬತ್ತು ಕುಳಿ ಮುಗಿದರೆ ಹೆಚ್ಚು. ಮೂರು ಒಳ್ಳೆಯ ಕಾರ್ಡುಗಳು ಬೇಕೆಂದರೆ ಮೊದಲು ಮೂವರು ಹುಡುಗಿಯರಿಗೆ ಅಂಗಳ ಸಿಗಬೇಕು.

ಬಿಟ್ಟಂಗಾಲ:
ಅಮ್ಮಾ, ನಿಮ್ಮ ಮಾತು ಅಕ್ಷರಶಃ ನಿಜ. ಕೊಡಗಿನ ನಮ್ಮ ಅಂಗಳದಲ್ಲಿ ಜನಸಂದಣಿ ಕಡಿಮೆಯಿರುವುದರಿಂದ ಹೊತ್ತು ಸಿಗುತ್ತದೆ, ಆದರೆ ಹೇಳಿಕೊಡುವವರು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಹೇಳಿಕೊಡುವವರಿದ್ದಾರೆ, ಹೊತ್ತು ಸಿಗುವುದಿಲ್ಲ.

ಲೆಕ್ಕದ ಮೇಷ್ಟ್ರು:
ನಾನು ಹೊನ್ನಾರು ಅವರ ಪರವಾಗಿ ವಾದಿಸುತ್ತೇನೆ. ಸಮಬಲವಾದಾಗ ಮಾತ್ರ ಮೂರನೆಯ ಸ್ಕೋರಿಗೆ ಬೆಲೆ ಕೊಡುವುದು ಅಪರೂಪದ ಪ್ರಸಂಗವೊಂದಕ್ಕೆ ಮಾಡಿಕೊಂಡ ವ್ಯವಸ್ಥೆ. ಬಹುತೇಕ ವರ್ಷಗಳಲ್ಲಿ ಸಮಬಲವೇ ಆಗುವುದಿಲ್ಲ. 2016ರಲ್ಲಿ ಮೆಕ್ಸಿಕೋದ ಮಾಯಾಕೋಬಾದಲ್ಲಿ ದಕ್ಷಿಣ ಕೊರಿಯಾ ಎರಡನೆಯ ಸ್ಥಾನದ ಸ್ವಿಟ್ಜರ್ಲೆಂಡ್‌ಗಿಂತ 21 ಹೊಡೆತ ಮುಂದಿತ್ತು. 2010ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅದೇ ಕೊರಿಯಾ ಪಾರ್‌ಗಿಂತ 30 ಕಡಿಮೆ, ಅಂದರೆ 546 ಹೊಡೆತಗಳಲ್ಲಿ ಮುಗಿಸಿತು. ಕೊರಿಯಾದ ನಿಜವಾದ ಶಕ್ತಿ ಅವರ ಮೂರನೆಯ ಆಟಗಾರ್ತಿಯೂ ಬೇರೆ ದೇಶಗಳ ಮೊದಲನೆಯವಳಿಗೆ ಸರಿಸಮನಾಗಿರುವುದರಲ್ಲಿದೆ. ಮೂರೂ ಸ್ಕೋರುಗಳನ್ನು ಎಣಿಸಿದರೆ ಆ ಆಳ ಎಲ್ಲರ ಕಣ್ಣಿಗೆ ಬೀಳುತ್ತದೆ. ಈಗಿನ ಪದ್ಧತಿ ಅದನ್ನು ಮರೆಮಾಚುತ್ತದೆ.

ಚಲ್ಲಘಟ್ಟದ ನಡಿಗೆ:
ಮೇಷ್ಟ್ರೇ, ಮೂರನ್ನೂ ಎಣಿಸಿದರೆ ಲಾಭವಾಗುವುದು ಕೊರಿಯಾಕ್ಕೆ ಮತ್ತು ಅಮೆರಿಕಕ್ಕೆ. ಅವರಿಗೆ ಅದರ ಅಗತ್ಯವಿಲ್ಲ. ಸಣ್ಣ ದೇಶಗಳ ಪಾಡನ್ನು ಯೋಚಿಸಿ. ಇಬ್ಬರ ತಂಡವನ್ನು ಕಳುಹಿಸಲೂ ಅವಕಾಶವಿರುವುದರಿಂದಲೇ ಅಷ್ಟೊಂದು ದೇಶಗಳು ಬರುವಂತಾಗಿದೆ. ನಾಲ್ಕು ದಿನಗಳಲ್ಲಿ ಒಬ್ಬಳಿಗೆ ಜ್ವರ ಬರಬಹುದು, ಮಣಿಕಟ್ಟು ನೋಯಬಹುದು. ಮೂರೂ ಕಾರ್ಡು ಕಡ್ಡಾಯವಾದರೆ ಒಬ್ಬಳ ಕಾಯಿಲೆಯಿಂದ ಇಡೀ ದೇಶದ ಸ್ಪರ್ಧೆ ಮುಗಿದುಹೋಗುತ್ತದೆ. ಇಂದಿನ ಪದ್ಧತಿಯಲ್ಲಿ ಉಳಿದ ಇಬ್ಬರು ಆಟವನ್ನು ಮುಂದುವರಿಸಬಹುದು.

ಇನ್ನೊಂದು ವಿಷಯವಿದೆ. ಒಬ್ಬಳ ಕಾರ್ಡು ಬಿಟ್ಟುಹೋಗುತ್ತದೆ ಎಂಬ ಧೈರ್ಯವಿರುವುದರಿಂದ ಆಟವೂ ರಂಗೇರುತ್ತದೆ. ತಂಡದ ಇಬ್ಬರು ಚೆನ್ನಾಗಿ ಮುಗಿಸಿದ್ದಾರೆಂದು ತಿಳಿದ ಮೂರನೆಯವಳು ಪಾರ್ ಐದರ ಕುಳಿಯಲ್ಲಿ ನೀರಿನ ಮೇಲಿಂದ ಎರಡನೆಯ ಹೊಡೆತದಲ್ಲೇ ಗ್ರೀನ್ ಮುಟ್ಟಲು ಯತ್ನಿಸಬಹುದು. ಇಬ್ಬರೂ ಎಡವಿದ್ದರೆ ಅದೇ ಹುಡುಗಿ ಚೆಂಡನ್ನು ನೀರಿನ ಈಚೆಗೆ ನಿಲ್ಲಿಸಿ ಮೂರನೆಯ ಹೊಡೆತಕ್ಕೆ ಕಾಯಬೇಕು. ಈ ಸುದ್ದಿಯನ್ನು ಹೊತ್ತು ಗುಂಪಿನಿಂದ ಗುಂಪಿಗೆ ಓಡಾಡುವುದೇ ಕ್ಯಾಪ್ಟನ್ ಕೆಲಸ. ವೈಯಕ್ತಿಕ ಸ್ಪರ್ಧೆಯಲ್ಲಿ ಕಿಟ್ ಹೊರುವ ಕ್ಯಾಡಿಯನ್ನು ಬಿಟ್ಟು ಬೇರೆ ಯಾರೂ ಸಲಹೆ ಕೊಡುವಂತಿಲ್ಲ. ತಂಡ ಸ್ಪರ್ಧೆಗಳಲ್ಲಿ ಸಲಹೆ ಕೊಡುವವರೊಬ್ಬರನ್ನು ಹೆಸರಿಸಲು ನಿಯಮಾವಳಿಯೇ ಅವಕಾಶ ಕೊಟ್ಟಿದೆ.

ಹಳೆಯ ಪುಟಗಳು:
ತಂಡದ ಆಳ ಕಾಣುವುದಿಲ್ಲ ಎಂಬ ಮೇಷ್ಟ್ರ ಮಾತಿಗೆ ನನ್ನ ತಕರಾರಿದೆ. ಒಬ್ಬಳೇ ಅಸಾಧಾರಣ ಪ್ರತಿಭೆಯಿಂದ ಈ ಕಪ್ ಗೆಲ್ಲುವುದು ಎಷ್ಟು ಕಷ್ಟವೆಂಬುದನ್ನು ದಾಖಲೆಗಳೇ ಹೇಳುತ್ತವೆ. 1992ರಲ್ಲಿ ವ್ಯಾಂಕೂವರ್‌ನಲ್ಲಿ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಸ್ವೀಡನ್‌ನ ಆನಿಕಾ ಸೊರೆನ್‌ಸ್ಟಾಮ್, ಟ್ರೋಫಿ ಸ್ಪೇನ್‌ಗೆ ಹೋಯಿತು. 2012ರಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ನ್ಯೂಜಿಲೆಂಡ್‌ನ ಲಿಡಿಯಾ ಕೋ ಮುಂದಿದ್ದರು, ಟ್ರೋಫಿ ಕೊರಿಯಾಕ್ಕೆ ಹೋಯಿತು. 2014ರಲ್ಲಿ ಜಪಾನಿನ ಕರುಯಿಜಾವಾದಲ್ಲಿ ಕೆನಡಾದ ಬ್ರೂಕ್ ಹೆಂಡರ್ಸನ್ ಮುಂದಿದ್ದರು. ಅವರ ದೇಶ ಎರಡು ಹೊಡೆತಗಳಿಂದ ಹಿಂದುಳಿದು, ಮಿನ್‌ಜೀ ಲೀ ಇದ್ದ ಆಸ್ಟ್ರೇಲಿಯಾ ಗೆದ್ದಿತು. ಮುಂದೆ ವಿಶ್ವದ ಅಗ್ರಪಂಕ್ತಿಗೆ ಏರಿದ ಈ ಮೂವರೂ ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಟ್ರೋಫಿಯನ್ನು ತರಲಾಗಲಿಲ್ಲ.

ದೋಸೆ ಮತ್ತು ಡ್ರೈವರ್:
ಹಾಗಾದರೆ ಸೊರೆನ್‌ಸ್ಟಾಮ್ ಅವರಿಗೆ ಆ ವರ್ಷ ವೈಯಕ್ತಿಕ ಚಿನ್ನದ ಪದಕ ಸಿಕ್ಕಿರಬೇಕಲ್ಲವೇ?

ಹಳೆಯ ಪುಟಗಳು:
ಇಲ್ಲ. ಅತ್ಯಂತ ಕಡಿಮೆ ಸ್ಕೋರ್ ಮಾಡಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆಯೇ ಹೊರತು ಅದಕ್ಕೆ ಅಧಿಕೃತವಾದ ವೈಯಕ್ತಿಕ ಪ್ರಶಸ್ತಿ ಇಲ್ಲ. ಇಲ್ಲಿ ಆಡುವುದು ತಂಡಕ್ಕಾಗಿ ಮಾತ್ರ.

ಜಯಲಕ್ಷ್ಮೀಪುರಂ:
ನಮ್ಮ ರಾಜ್ಯದ ಮಾತನ್ನೂ ಸ್ವಲ್ಪ ಸೇರಿಸೋಣ. ಬೆಂಗಳೂರಿನ ಅದಿತಿ ಅಶೋಕ್ ಹವ್ಯಾಸಿಯಾಗಿದ್ದಾಗ 2012 ಮತ್ತು 2014ರಲ್ಲಿ ಭಾರತದ ಪರವಾಗಿ ಈ ಟ್ರೋಫಿಯಲ್ಲಿ ಆಡಿದ್ದರು. ಮೊದಲ ಸಲ ಹೋದಾಗ ಅವರ ವಯಸ್ಸು 14. ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ನಾವೆಲ್ಲ ಟಿ.ವಿ. ಮುಂದೆ ಕುಳಿತು ನೋಡಿದೆವು, ಆದರೆ ಆ ಎರಡು ತಂಡ ಸ್ಪರ್ಧೆಗಳ ಬಗ್ಗೆ ಆಗ ಒಂದು ಸಾಲನ್ನೂ ಓದಿದ ನೆನಪು ನನಗಿಲ್ಲ. ನಮ್ಮ ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್ ಮತ್ತು ಅದಿತಿ, ಮೂವರೂ ಕರ್ನಾಟಕದವರೇ, 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡವಾಗಿದ್ದರು. ಅಲ್ಲಿಯೂ ಮೂವರಲ್ಲಿ ಇಬ್ಬರ ಸ್ಕೋರನ್ನೇ ಎಣಿಸಿದ್ದು. ಅದಿತಿ ಮೂರನೆಯ ದಿನ 61 ಹೊಡೆದು ಏಳು ಹೊಡೆತ ಮುಂದಿದ್ದರೂ ಕೊನೆಯ ದಿನ 77 ಆಗಿ ವೈಯಕ್ತಿಕ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ತಂಡಕ್ಕೂ ಪದಕ ಕೈತಪ್ಪಿತು.

ಎರಡನೇ ಕ್ಯಾಪ್ಟನ್:
ಒಂದು ಸಣ್ಣ ತಿದ್ದುಪಡಿ ಸೇರಿಸುತ್ತೇನೆ, ಓದುವವರಿಗೆ ಗೊಂದಲವಾಗಬಾರದು. ಹ್ಯಾಂಗ್‌ಝೌ ಕೂಟದ ಗಾಲ್ಫ್‌ನಲ್ಲಿ ವೃತ್ತಿಪರರಿಗೂ ಅವಕಾಶವಿತ್ತು, ಅದನ್ನು ಹವ್ಯಾಸಿ ಸ್ಪರ್ಧೆಗಳ ಸಾಲಿಗೆ ಸೇರಿಸುವಂತಿಲ್ಲ. ಏಷ್ಯಾ-ಪೆಸಿಫಿಕ್ ವಲಯದ ಹವ್ಯಾಸಿ ಮಹಿಳೆಯರಿಗೆ ಇರುವುದು 1979ರಲ್ಲಿ ಆರಂಭವಾದ ಕ್ವೀನ್ ಸಿರಿಕಿಟ್ ಕಪ್. 2023ರಲ್ಲಿ ಮನಿಲಾದಲ್ಲಿ ಅದರ ವೈಯಕ್ತಿಕ ಪ್ರಶಸ್ತಿಯನ್ನು ಗೆದ್ದವರು ಅವನಿ ಪ್ರಶಾಂತ್. ಹುಡುಗಿಯರಿಗೆ ಇಂತಹ ಕಪ್‌ಗಳೇ ವಿಶ್ವ ಸ್ಪರ್ಧೆಗೆ ಮೆಟ್ಟಿಲು, ಆದರೆ ನಮ್ಮ ಕ್ರೀಡಾಪುಟಗಳಿಗೆ ಅವು ಕಾಣುವುದೇ ಇಲ್ಲ.

ದೋಸೆ ಮತ್ತು ಡ್ರೈವರ್:
ಹವ್ಯಾಸಿಗಳು ಬಹುಮಾನದ ಹಣವನ್ನೇ ಮುಟ್ಟುವಂತಿಲ್ಲವೇ? ಹಾಗಿದ್ದರೆ ಬಡವರ ಮಕ್ಕಳು ಈ ಆಟಕ್ಕೆ ಬರುವುದಾದರೂ ಹೇಗೆ?

ಚಲ್ಲಘಟ್ಟದ ನಡಿಗೆ:
2022ರ ಜನವರಿಯಿಂದ ನಿಯಮ ಸಡಿಲವಾಗಿದೆ. ಒಂದು ಸ್ಪರ್ಧೆಗೆ ಸಾವಿರ ಡಾಲರ್‌ವರೆಗಿನ ಬಹುಮಾನವನ್ನು ಹವ್ಯಾಸಿಯಾಗಿ ಉಳಿದುಕೊಂಡೇ ಪಡೆಯಬಹುದು, ಪ್ರಾಯೋಜಕರನ್ನೂ ಹೊಂದಬಹುದು. ಕಿಟ್, ಪ್ರಯಾಣ, ತರಬೇತಿಯ ವೆಚ್ಚವನ್ನು ಹೊರಲಾಗದ ಮನೆಗಳಿಗೆ ಇದರಿಂದ ಬಾಗಿಲು ತೆರೆಯಬೇಕಿತ್ತು. ನಮ್ಮಲ್ಲಿ ಹದಿನಾಲ್ಕು, ಹದಿನೈದರ ಹುಡುಗಿಯರಿಗೆ ಪ್ರಾಯೋಜಕರಾಗಿ ಮುಂದೆ ಬರುವವರು ಇನ್ನೂ ಬಹಳ ವಿರಳ.

ಲೆಕ್ಕದ ಮೇಷ್ಟ್ರು:
ಮೂಲ ವಿಷಯಕ್ಕೆ ಬರುತ್ತೇನೆ. ಸಣ್ಣ ದೇಶಗಳಿಗೆ ಅನುಕೂಲ ಎಂಬ ವಾದ ಕೇಳಲು ಚೆನ್ನಾಗಿದೆ, ಆದರೆ ಗೆದ್ದವರ ಪಟ್ಟಿಯನ್ನು ನೋಡಿ. 1964ರಿಂದ 2023ರವರೆಗೆ ಅಮೆರಿಕ 14 ಸಲ, ಕೊರಿಯಾ ಐದು ಸಲ, ಸ್ವೀಡನ್ ಮತ್ತು ಆಸ್ಟ್ರೇಲಿಯಾ ಮೂರು ಮೂರು ಸಲ, ಫ್ರಾನ್ಸ್ ಮತ್ತು ಸ್ಪೇನ್ ಎರಡೆರಡು ಸಲ, ದಕ್ಷಿಣ ಆಫ್ರಿಕಾ ಒಮ್ಮೆ ಗೆದ್ದಿವೆ. ಇಷ್ಟು ವರ್ಷಗಳಲ್ಲಿ ಏಳೇ ದೇಶಗಳು. ಪದ್ಧತಿಯ ಉಪಕಾರ ಯಾರಿಗಾಯಿತು?

ಹಳೆಯ ಪುಟಗಳು:
ಆ ಪಟ್ಟಿಯನ್ನು ಕಾಲಕ್ರಮದಲ್ಲಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ ಮೇಷ್ಟ್ರೇ. ಅಮೆರಿಕದ 14ರಲ್ಲಿ 13 ಗೆಲುವುಗಳು 1998ರೊಳಗೆ ಬಂದಿವೆ. ಆಮೇಲೆ 2018ರಲ್ಲಿ ಐರ್ಲೆಂಡ್‌ನ ಕಾರ್ಟನ್ ಹೌಸ್‌ನಲ್ಲಿ ಜೆನ್ನಿಫರ್ ಕಪ್ಚೊ, ಲಿಲಿಯಾ ವೂ, ಕ್ರಿಸ್ಟನ್ ಗಿಲ್‌ಮನ್ ಗೆಲ್ಲುವವರೆಗೆ ಪೂರ್ತಿ 20 ವರ್ಷ ಆ ದೇಶಕ್ಕೆ ಟ್ರೋಫಿ ಸಿಗಲಿಲ್ಲ. ಆ ನಡುವೆ ಐದು ದೇಶಗಳು ಗೆದ್ದವು. 2016ರಲ್ಲಿ ಲಿಯೋನಾ ಮ್ಯಾಗ್ವೈರ್ ಇದ್ದ ಐರ್ಲೆಂಡ್ ಕಂಚು ಗೆದ್ದಿತು. ಇಬ್ಬರು ಒಳ್ಳೆಯ ಆಟಗಾರ್ತಿಯರು ಸಿಕ್ಕರೆ ಪದಕದ ಆಸೆ ಇಟ್ಟುಕೊಳ್ಳಬಹುದು ಎಂಬ ಭರವಸೆ ಇರುವುದರಿಂದಲೇ ಇಂತಹ ದೇಶಗಳು ಮತ್ತೆ ಮತ್ತೆ ಬರುತ್ತವೆ.

ಕಾವೇರಿ ತೀರ:
ಹವ್ಯಾಸಿ ಮಹಿಳೆಯರದೇ ಆದ ಕರ್ಟಿಸ್ ಕಪ್ ಮಾದರಿಯನ್ನೇಕೆ ಅನುಸರಿಸಬಾರದು? 1932ರಿಂದ ಅಮೆರಿಕ ಒಂದು ಕಡೆ, ಬ್ರಿಟನ್ ಮತ್ತು ಐರ್ಲೆಂಡ್ ಇನ್ನೊಂದು ಕಡೆ ನಿಂತು ಕುಳಿಗೊಂದು ಗೆಲುವಿನ ಲೆಕ್ಕದಲ್ಲಿ ಆಡುತ್ತಾರೆ. 2024ರಲ್ಲಿ ಸನ್ನಿಂಗ್‌ಡೇಲ್‌ನಲ್ಲಿ ಬ್ರಿಟನ್-ಐರ್ಲೆಂಡ್ ತಂಡ ಹತ್ತೂವರೆಗೆ ಒಂಬತ್ತೂವರೆಯಿಂದ ಗೆದ್ದಿತು. ಅಲ್ಲಿ ಪ್ರತಿಯೊಬ್ಬಳ ಅರ್ಧ ಅಂಕಕ್ಕೂ ಬೆಲೆಯಿದೆ.

ಎರಡನೇ ಕ್ಯಾಪ್ಟನ್:
ಎರಡೇ ತಂಡಗಳಿದ್ದಾಗ ಅದು ಸರಿಹೋಗುತ್ತದೆ. ಹತ್ತಾರು ದೇಶಗಳನ್ನು ಪರಸ್ಪರ ಆಡಿಸಲು ತಿಂಗಳು ಬೇಕು, ಇಲ್ಲವೇ ಸೋತವರನ್ನು ಎರಡನೆಯ ದಿನವೇ ಮನೆಗೆ ಕಳುಹಿಸಬೇಕು. ಇಲ್ಲಿ ಕೊನೆಯ ಸ್ಥಾನದ ತಂಡವೂ ನಾಲ್ಕೂ ದಿನ ಆಡುತ್ತದೆ, ಹದಿನಾಲ್ಕರ ಹುಡುಗಿಯೊಬ್ಬಳು ಜಗತ್ತಿನ ಅತ್ಯುತ್ತಮರ ಜೊತೆ ಅದೇ ಅಂಗಳದಲ್ಲಿ ನಡೆಯುತ್ತಾಳೆ. ಅದನ್ನು ಕಳೆದುಕೊಳ್ಳುವುದು ನನಗಂತೂ ಇಷ್ಟವಿಲ್ಲ.

ಹೊನ್ನಾರು:
ಎಲ್ಲರ ವಾದಗಳನ್ನೂ ಓದಿದೆ. ಪ್ರತಿದಿನ ಇಬ್ಬರ ಸ್ಕೋರನ್ನು ಎಣಿಸುವುದು ಹಾಗೆಯೇ ಇರಲಿ, ಜ್ವರ ಬಂದ ಹುಡುಗಿಯ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸಮಬಲದ ನಿಯಮವನ್ನು ಇನ್ನಷ್ಟು ನ್ಯಾಯವಾಗಿಸಬಹುದು. ಕೊನೆಯ ದಿನದ ಒಂದೇ ಕಾರ್ಡಿನ ಬದಲು ನಾಲ್ಕೂ ದಿನ ಬಿಟ್ಟುಹೋದ ನಾಲ್ಕು ಕಾರ್ಡುಗಳ ಮೊತ್ತವನ್ನು ಹೋಲಿಸಲಿ. ಆಗ ಮೊದಲ ದಿನ ಕೈಬಿಟ್ಟ 79ಕ್ಕೂ ಬೆಲೆ ಬರುತ್ತದೆ.

ಚಲ್ಲಘಟ್ಟದ ನಡಿಗೆ:
ಯೋಚಿಸುವಂಥ ಸಲಹೆ ಸರ್. ತೊಡಕೆಂದರೆ ಇಬ್ಬರೇ ಇರುವ ತಂಡಕ್ಕೆ ಬಿಟ್ಟುಹೋದ ಕಾರ್ಡೇ ಇರುವುದಿಲ್ಲ, ಒಂದು ದಿನ ಕಾಯಿಲೆ ಬಿದ್ದವಳಿದ್ದರೆ ಮೂರೇ ಕಾರ್ಡು ಇರುತ್ತವೆ. ಅಂತಹ ತಂಡಗಳ ನಡುವೆ ಸಮಬಲವಾದರೆ ಏನು ಮಾಡಬೇಕೆಂಬುದನ್ನು ನೀವು ಬರೆದು ತೋರಿಸಿದರೆ ನಾನೂ ನಿಮ್ಮ ಪಕ್ಷಕ್ಕೆ ಬರುತ್ತೇನೆ.

ಲೆಕ್ಕದ ಮೇಷ್ಟ್ರು:
ಅಂತಹ ಸಂದರ್ಭದಲ್ಲಿ ಕೊನೆಯ ದಿನ ಎಣಿಕೆಗೆ ಸೇರಿದ ಎರಡು ಕಾರ್ಡುಗಳ ಮೊತ್ತವನ್ನು ಹೋಲಿಸಿದರಾಯಿತು. ಅದೂ ಸಮವಾದರೆ ಟ್ರೋಫಿಯನ್ನು ಎರಡೂ ದೇಶಗಳಿಗೆ ಹಂಚಲಿ.